ಎಲ್ಲರಿಗೂ ಗೊತ್ತಿರುವ ಮುಖವನ್ನು ಬರೆಯುವುದು: ಏಮಿ ಶೆರಾಲ್ಡ್ ಪ್ರಕರಣ

2018ರ ಫೆಬ್ರವರಿ 12ರಂದು ವಾಷಿಂಗ್ಟನ್‌ನ ನ್ಯಾಷನಲ್ ಪೋರ್ಟ್ರೇಟ್ ಗ್ಯಾಲರಿಯಲ್ಲಿ ಎರಡು ಭಾವಚಿತ್ರಗಳ ಅನಾವರಣ ನಡೆಯಿತು. ಬರಾಕ್ ಒಬಾಮಾ ಅವರ ಚಿತ್ರ ಬರೆದವರು ಕೆಹಿಂಡೆ ವೈಲಿ. ಮಿಶೆಲ್ ಒಬಾಮಾ ಅವರ ಚಿತ್ರ ಬರೆದವರು ಏಮಿ ಶೆರಾಲ್ಡ್. ಈ ಗ್ಯಾಲರಿಗಾಗಿ ಅಧ್ಯಕ್ಷ ದಂಪತಿಯ ಅಧಿಕೃತ ಭಾವಚಿತ್ರ ಬರೆದ ಮೊದಲ ಕಪ್ಪು ಕಲಾವಿದರು ಇವರಿಬ್ಬರೇ.

ಮಿಶೆಲ್ ಅವರ ಚಿತ್ರ ಹೊರಬಂದ ಗಂಟೆಗಳಲ್ಲೇ ಗಲಾಟೆ ಶುರುವಾಯಿತು. ಇದು ಅವರ ಥರ ಕಾಣುವುದೇ ಇಲ್ಲವಲ್ಲ ಎಂದು ಸಾವಿರಾರು ಜನ ಬರೆದರು. ಮೈಬಣ್ಣ ಯಾಕೆ ಬೂದು? ಆ ನಗು ಎಲ್ಲಿ ಹೋಯಿತು? ಅಷ್ಟೇ ಜೋರಾಗಿ ಇನ್ನೊಂದಷ್ಟು ಜನ ಚಿತ್ರವನ್ನು ಹೊಗಳಿದರು. ಗ್ಯಾಲರಿ ಎದುರು ಸಾಲು ಬೆಳೆಯಿತು.

ಈ ಪ್ರಕರಣದಲ್ಲಿ ನನಗೆ ಮುಖ್ಯ ಅನಿಸುವುದು ಇದು. ಒಬ್ಬ ಕಲಾವಿದೆ ವರ್ಷಗಟ್ಟಲೆ ಯಾರಿಗೂ ಗೊತ್ತಿಲ್ಲದವರ ಮುಖಗಳನ್ನು ತನ್ನದೇ ಒಂದು ಕ್ರಮದಲ್ಲಿ ಬರೆದಿದ್ದಾರೆ. ಈಗ ಜಗತ್ತಿಗೆಲ್ಲ ಗೊತ್ತಿರುವ ಮುಖ ಅವರ ಮುಂದಿದೆ. ಕ್ರಮ ಬದಲಿಸಬೇಕಾ, ಬೇಡವಾ? ಶೆರಾಲ್ಡ್ ಬದಲಿಸಲಿಲ್ಲ. ಅದು ಸರಿಯಾದ ನಿರ್ಧಾರ ಎಂದೇ ನಾನು ನಂಬಿದ್ದೇನೆ. ಯಾಕೆ ಎಂದು ತಿಳಿಯಲು ಅವರ ಹಿಂದಿನ ವರ್ಷಗಳನ್ನು ನೋಡಬೇಕು.

ಕೊಲಂಬಸ್‌ನಿಂದ ಬಾಲ್ಟಿಮೋರ್‌ಗೆ

ಶೆರಾಲ್ಡ್ ಹುಟ್ಟಿದ್ದು 1973ರಲ್ಲಿ, ಅಮೆರಿಕದ ಜಾರ್ಜಿಯಾ ರಾಜ್ಯದ ಕೊಲಂಬಸ್‌ನಲ್ಲಿ. ತಂದೆ ದಂತವೈದ್ಯರು. ಮಗಳು ಡಾಕ್ಟರ್ ಆಗಲಿ ಎನ್ನುವುದು ಮನೆಯವರ ಆಸೆ. ಓದಿದ ಶಾಲೆಯಲ್ಲಿ ಕಪ್ಪು ಮಕ್ಕಳು ಬೆರಳೆಣಿಕೆಯಷ್ಟು. ಹೇಗೆ ಮಾತಾಡಬೇಕು, ಹೇಗೆ ನಡೆದುಕೊಳ್ಳಬೇಕು ಎಂದು ಅಮ್ಮ ಚಿಕ್ಕಂದಿನಲ್ಲೇ ಹೇಳಿಕೊಟ್ಟಿದ್ದರು. ಬೇರೆಯವರ ಕಣ್ಣಲ್ಲಿ ತಾನು ಹೇಗೆ ಕಾಣುತ್ತೇನೆ ಎಂಬ ಎಚ್ಚರ ಆಗಿನಿಂದಲೇ ಜೊತೆಗೆ ಬಂತು. ಅವರ ಚಿತ್ರಗಳಲ್ಲಿ ಯಾರೂ ನೋಡುಗರನ್ನು ಮೆಚ್ಚಿಸಲು ನಿಂತಂತೆ ಕಾಣುವುದಿಲ್ಲ. ಅದರ ಬೇರು ಇಲ್ಲೇ ಇದೆ ಅನಿಸುತ್ತದೆ.

ಶಾಲೆಯಿಂದ ಒಮ್ಮೆ ಕೊಲಂಬಸ್ ಮ್ಯೂಸಿಯಂಗೆ ಕರೆದುಕೊಂಡು ಹೋದಾಗ ಬೋ ಬಾರ್ಟ್ಲೆಟ್ ಎಂಬ ಕಲಾವಿದರ ದೊಡ್ಡ ಕ್ಯಾನ್ವಾಸ್ ಅವರ ಕಣ್ಣಿಗೆ ಬಿತ್ತು. ಅದರಲ್ಲಿ ಒಬ್ಬ ಕಪ್ಪು ಗಂಡಸು ಇದ್ದ. ಮ್ಯೂಸಿಯಂ ಗೋಡೆಯ ಮೇಲೆ ತಮ್ಮಂಥವರನ್ನು ಕಂಡದ್ದು ಅದೇ ಮೊದಲು ಎಂದು ಅವರು ಹಲವು ಸಲ ಹೇಳಿದ್ದಾರೆ.

ಅಟ್ಲಾಂಟಾದ ಕ್ಲಾರ್ಕ್ ಅಟ್ಲಾಂಟಾ ವಿಶ್ವವಿದ್ಯಾಲಯದಲ್ಲಿ ವೈದ್ಯಕೀಯದ ದಾರಿ ಹಿಡಿದು, ಅದನ್ನು ಬಿಟ್ಟು, 1997ರಲ್ಲಿ ಚಿತ್ರಕಲೆಯಲ್ಲಿ ಪದವಿ ಮುಗಿಸಿದರು. ಪನಾಮಾ ಮೂಲದ ಕಲಾವಿದ ಆರ್ಟುರೊ ಲಿಂಡ್ಸೆ ಅವರ ಹತ್ತಿರ ಕೆಲಸ ಕಲಿತರು. 2004ರಲ್ಲಿ ಬಾಲ್ಟಿಮೋರ್‌ನ ಮೇರಿಲ್ಯಾಂಡ್ ಇನ್ಸ್ಟಿಟ್ಯೂಟ್ ಕಾಲೇಜ್ ಆಫ್ ಆರ್ಟ್‌ನಲ್ಲಿ ಸ್ನಾತಕೋತ್ತರ ಪದವಿ ಪಡೆದರು. ಆಮೇಲೆ ನಾರ್ವೆಗೆ ಹೋಗಿ ಆಡ್ ನೆರ್ಡ್ರುಮ್ ಎಂಬ ಚಿತ್ರಕಾರರ ಬಳಿ ಕಲಿತರು. ನೆರ್ಡ್ರುಮ್ ಹಳೆಯ ಯುರೋಪಿಯನ್ ಗುರುಗಳ ಹಾಗೆ ಬರೆಯುವವರು. ಕತ್ತಲೆಯ ಹಿನ್ನೆಲೆ, ನೆರಳು, ಆಳ ಎಲ್ಲ ಅವರಲ್ಲಿ ಜಾಸ್ತಿ. ಶೆರಾಲ್ಡ್ ಮುಂದೆ ಹಿಡಿದದ್ದು ಇದಕ್ಕೆ ಪೂರಾ ಉಲ್ಟಾ ದಾರಿ. ಆದರೆ ಬೆಳಕು-ನೆರಳಿನ ಹದ ಗೊತ್ತಿಲ್ಲದವರಿಗೆ ಬೂದು ಬಣ್ಣ ಒಂದರಲ್ಲೇ ಇಡೀ ಮುಖ ಕಟ್ಟುವುದು ಆಗದ ಮಾತು.

ಇಷ್ಟು ಕಲಿತ ಮೇಲೂ ಬದುಕು ಸುಲಭವಾಗಲಿಲ್ಲ. 38 ವರ್ಷದವರೆಗೆ ರೆಸ್ಟೋರೆಂಟ್‌ನಲ್ಲಿ ಊಟ ಬಡಿಸುವ ಕೆಲಸ ಮಾಡುತ್ತಲೇ ಚಿತ್ರ ಬರೆದರು. ನಡುವೆ ಕೆಲವು ವರ್ಷ ಊರಿಗೆ ವಾಪಸ್ ಹೋಗಿ, ಕಾಯಿಲೆ ಬಿದ್ದ ಮನೆಯವರ ಆರೈಕೆ ನೋಡಿಕೊಂಡರು. ಆ ಹೊತ್ತಿನಲ್ಲಿ ಬ್ರಷ್ ಮುಟ್ಟಲೂ ಆಗಲಿಲ್ಲ.

ಇನ್ನೊಂದು ಕಡೆ ಅವರ ಹೃದಯವೇ ಕೈಕೊಡುತ್ತಿತ್ತು. ಸುಮಾರು 30ನೇ ವಯಸ್ಸಿನಲ್ಲಿ, ಈಜು, ಸೈಕಲ್, ಓಟ ಮೂರೂ ಇರುವ ಸ್ಪರ್ಧೆಯಾದ ಟ್ರಯಥ್ಲಾನ್‌ಗೆ ತಯಾರಿ ನಡೆಸುತ್ತಿದ್ದಾಗ ತಪಾಸಣೆ ಮಾಡಿಸಿಕೊಂಡರು. ಹೃದಯದ ಸ್ನಾಯು ದುರ್ಬಲವಾಗುವ ಕಾಯಿಲೆ ಇದೆ ಎಂದು ಗೊತ್ತಾಯಿತು. ಡಾಕ್ಟರುಗಳು ಇದನ್ನು ಕಾರ್ಡಿಯೋಮಯೋಪಥಿ ಎನ್ನುತ್ತಾರೆ. 2012ರಲ್ಲಿ ಪ್ರಜ್ಞೆ ತಪ್ಪಿ ಬಿದ್ದ ಮೇಲೆ ಆಸ್ಪತ್ರೆಯಲ್ಲೇ ಉಳಿದು ಬೇರೆ ಹೃದಯಕ್ಕಾಗಿ ಕಾಯಬೇಕಾಯಿತು. ಅದೇ ಸಮಯದಲ್ಲಿ ಸಹೋದರ ಕ್ಯಾನ್ಸರ್‌ನಿಂದ ತೀರಿಕೊಂಡರು. ಆ ವರ್ಷದ ಡಿಸೆಂಬರ್ 18ರಂದು, 39ನೇ ವಯಸ್ಸಿನಲ್ಲಿ, ಅವರಿಗೆ ಹೃದಯ ಕಸಿ ಆಯಿತು.

ಶೆರಾಲ್ಡ್ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಇಲ್ಲೇ ಕಣ್ಣೀರು ಹಾಕಿಸಿ, ಆಮೇಲೆ ನೇರ ಒಬಾಮಾ ಚಿತ್ರಕ್ಕೆ ಹಾರಿಬಿಡುತ್ತಾರೆ. ಆಗ ಅದು ಅದೃಷ್ಟದ ಕಥೆಯಂತೆ ಕೇಳಿಸುತ್ತದೆ. ನಿಜವಾಗಿ ಈ ಕಷ್ಟದ ವರ್ಷಗಳಲ್ಲೇ ಅವರು ತಮ್ಮ ಕ್ರಮವನ್ನು ಗಟ್ಟಿ ಮಾಡಿಕೊಂಡಿದ್ದರು. ಬಹುಮಾನ, ಹೆಸರು ಎಲ್ಲ ಬಂದದ್ದು ಆಮೇಲೆ.

ಬೂದು ಬಣ್ಣ ಎಲ್ಲಿಂದ ಬಂತು

ಅವರು ಕೆಲಸ ಮಾಡುವ ರೀತಿ ಹೀಗೆ. ಬೀದಿಯಲ್ಲೋ ಅಂಗಡಿಯಲ್ಲೋ ಯಾರಾದರೂ ಮನಸ್ಸಿಗೆ ಹಿಡಿಸಿದರೆ, ಹೋಗಿ ಮಾತಾಡಿಸುತ್ತಾರೆ. ಒಪ್ಪಿದರೆ ಬಟ್ಟೆ ಆರಿಸಿ, ಸಹಜ ಬೆಳಕಿನಲ್ಲಿ ಫೋಟೊ ತೆಗೆಯುತ್ತಾರೆ. ಆ ಫೋಟೊ ಇಟ್ಟುಕೊಂಡು ಆಯಿಲ್ ಪೇಂಟ್‌ನಲ್ಲಿ ಬರೆಯುತ್ತಾರೆ. ಹಿನ್ನೆಲೆ ಬಹುಪಾಲು ಒಂದೇ ಬಣ್ಣ. ಮನೆ ಇಲ್ಲ, ಬೀದಿ ಇಲ್ಲ, ನೆಲದ ಮೇಲೆ ನೆರಳೂ ಇಲ್ಲ. ಬಟ್ಟೆಗೆ ತುಂಬು ಬಣ್ಣ. ಮೈಗೆ ಮಾತ್ರ ಬೂದು. ಕಣ್ಣು ನೇರ ನೋಡುಗರ ಕಡೆಗೆ.

ಆ ಬೂದನ್ನು ಅವರು ಕಪ್ಪಿಗೆ ನೇಪಲ್ಸ್ ಹಳದಿ ಎಂಬ ತಿಳಿ ಹಳದಿ ಬಣ್ಣ ಬೆರೆಸಿ ತೆಗೆಯುತ್ತಾರೆ. ಇದು ಚಿಕ್ಕ ವಿಷಯ ಅನಿಸಬಹುದು, ಆದರೆ ಬಣ್ಣ ಕಲಸಿ ಗೊತ್ತಿರುವವರಿಗೆ ವ್ಯತ್ಯಾಸ ತಿಳಿಯುತ್ತದೆ. ಕಪ್ಪಿಗೆ ಬರೀ ಬಿಳಿ ಸೇರಿಸಿದರೆ ಸಾಮಾನ್ಯವಾಗಿ ಬರುವುದು ನೀಲಿ ಕಡೆಗೆ ವಾಲುವ ತಣ್ಣನೆಯ ಬೂದು. ಮುಖ ಸತ್ತ ಹಾಗೆ ಕಾಣುತ್ತದೆ. ತಿಳಿ ಹಳದಿ ಸೇರಿದಾಗ ಅದೇ ಬೂದಿಗೆ ಒಂದು ಬೆಚ್ಚಗಿನ ಗುಣ ಬರುತ್ತದೆ, ಮೈಗೆ ಜೀವ ಉಳಿಯುತ್ತದೆ. ಫೋನ್ ಪರದೆಯ ಮೇಲೆ ಈ ಸೂಕ್ಷ್ಮ ಸುಲಭವಾಗಿ ಕಳೆದುಹೋಗುತ್ತದೆ. 2018ರಲ್ಲಿ ಹೆಚ್ಚಿನವರು ಚಿತ್ರವನ್ನು ನೋಡಿದ್ದು ಫೋನ್‌ನಲ್ಲೇ, ಅಲ್ವಾ?

ಬೂದು ಯಾಕೆ ಎಂಬುದಕ್ಕೆ ಅವರು ಎರಡು ಕಾರಣ ಕೊಟ್ಟಿದ್ದಾರೆ. ಮೊದಲಿಗೆ ಅದು ನೋಡಲು ಚೆನ್ನಾಗಿತ್ತು, ಅಷ್ಟೇ. ಆಮೇಲೆ ಯೋಚಿಸಿದಾಗ ಇನ್ನೊಂದು ಹೊಳೆಯಿತು. ಕಪ್ಪು ಮನುಷ್ಯರ ಚಿತ್ರ ಎಂದ ಕೂಡಲೇ ನೋಡುವವರು ಜನಾಂಗದ ಚರ್ಚೆಗೆ ಇಳಿಯುತ್ತಾರೆ. ಎದುರಿಗಿರುವ ವ್ಯಕ್ತಿ ಹಿಂದೆ ಸರಿದುಬಿಡುತ್ತಾನೆ. ಮೈಬಣ್ಣವನ್ನು ತೆಗೆದರೆ ಆ ಆತುರದ ತೀರ್ಮಾನ ಸ್ವಲ್ಪ ತಡವಾಗುತ್ತದೆ. ನೋಡುವವರು ಮೊದಲು ಕಣ್ಣು, ನಿಲುವು, ಬಟ್ಟೆಯ ಆಯ್ಕೆ ನೋಡುತ್ತಾರೆ.

ಹಳೆಯ ಕಪ್ಪು-ಬಿಳುಪು ಫೋಟೊಗಳ ನೆನಪೂ ಇದರಲ್ಲಿದೆ. 1900ರ ಪ್ಯಾರಿಸ್ ಜಾಗತಿಕ ಪ್ರದರ್ಶನಕ್ಕೆ ಚಿಂತಕ ಡಬ್ಲ್ಯೂ.ಇ.ಬಿ. ಡುಬೋಯಿಸ್ ಕಪ್ಪು ಅಮೆರಿಕನ್ನರ ನೂರಾರು ಫೋಟೊ ಕಳಿಸಿದ್ದರು. ಅವುಗಳಲ್ಲಿ ಬಹಳಷ್ಟು ಜಾರ್ಜಿಯಾದವು, ಅಂದರೆ ಶೆರಾಲ್ಡ್ ಹುಟ್ಟಿದ ರಾಜ್ಯದವು. ಒಳ್ಳೆಯ ಬಟ್ಟೆ ಹಾಕಿಕೊಂಡು, ತಲೆ ಎತ್ತಿ, ತಾವೇ ಬಯಸಿದ ಹಾಗೆ ಕೂತ ಜನ. ಆ ಕಾಲದ ವ್ಯಂಗ್ಯಚಿತ್ರಗಳು ಕಪ್ಪು ಜನರನ್ನು ಹೀನವಾಗಿ ತೋರಿಸುತ್ತಿದ್ದಾಗ ಕ್ಯಾಮೆರಾ ಅವರಿಗೆ ತಮ್ಮ ರೂಪವನ್ನು ತಾವೇ ಆರಿಸಿಕೊಳ್ಳುವ ಅವಕಾಶ ಕೊಟ್ಟಿತು. ಶೆರಾಲ್ಡ್ ಅವರ ಚಿತ್ರಗಳು ಆ ಸಾಲನ್ನೇ ಮುಂದುವರಿಸುತ್ತವೆ.

ಬಹುಮಾನ

ವರ್ಜೀನಿಯಾ ಔಟ್ವಿನ್ ಬೂಚೆವರ್ ಎಂಬ ಮಹಿಳೆ ನ್ಯಾಷನಲ್ ಪೋರ್ಟ್ರೇಟ್ ಗ್ಯಾಲರಿಯಲ್ಲಿ 19 ವರ್ಷ ಸ್ವಯಂಸೇವಕಿಯಾಗಿ ದುಡಿದಿದ್ದರು. ಅವರ ಕೊಡುಗೆಯಿಂದ ಮೂರು ವರ್ಷಕ್ಕೊಮ್ಮೆ ನಡೆಯುವ ಭಾವಚಿತ್ರ ಸ್ಪರ್ಧೆ ಶುರುವಾಯಿತು. ಮೊದಲನೆಯದು 2006ರಲ್ಲಿ. 2016ರ ಸ್ಪರ್ಧೆಗೆ 2,500ಕ್ಕೂ ಜಾಸ್ತಿ ಕೃತಿಗಳು ಬಂದಿದ್ದವು. ಗೆದ್ದದ್ದು ಶೆರಾಲ್ಡ್ ಅವರ 'ಮಿಸ್ ಎವ್ರಿಥಿಂಗ್'. ಚುಕ್ಕಿ ಇರುವ ಕಡುನೀಲಿ ಬಟ್ಟೆ, ಕೆಂಪು ಟೋಪಿ, ಬಿಳಿ ಕೈಗವಸು, ಕೈಯಲ್ಲಿ ಅಳತೆ ಮೀರಿದ ದೊಡ್ಡ ಟೀ ಕಪ್ಪು. ಆ ಹುಡುಗಿ ನಮ್ಮನ್ನೇ ನೋಡುತ್ತಾಳೆ, ಏನನ್ನೂ ಕೇಳುವುದಿಲ್ಲ. ಬಹುಮಾನ 25,000 ಡಾಲರ್. ಈ ಸ್ಪರ್ಧೆ ಗೆದ್ದ ಮೊದಲ ಮಹಿಳೆ ಅವರು, ಮೊದಲ ಕಪ್ಪು ಕಲಾವಿದೆಯೂ ಅವರೇ.

ಒಬಾಮಾ ಚಿತ್ರ

ಅಧ್ಯಕ್ಷರ ಅವಧಿ ಮುಗಿಯುವ ಹೊತ್ತಿಗೆ ಕಲಾವಿದರ ಆಯ್ಕೆ ನಡೆಯಿತು. ಶೆರಾಲ್ಡ್ ಶ್ವೇತಭವನಕ್ಕೆ ಸಂದರ್ಶನಕ್ಕೆ ಹೋದರು. ಅಲ್ಲಿ ಅವರು ಅಧ್ಯಕ್ಷರ ಎದುರೇ, ತಮಗೆ ಮಿಶೆಲ್ ಜೊತೆ ಕೆಲಸ ಮಾಡುವ ಆಸೆ ಎಂದು ನೇರವಾಗಿ ಹೇಳಿದರಂತೆ. ಅನಾವರಣದ ದಿನ ಮಿಶೆಲ್ ಅವರೇ ಇದನ್ನು ನೆನಪಿಸಿಕೊಂಡರು. ಆಯ್ಕೆ ಸಾರ್ವಜನಿಕವಾಗಿ ಪ್ರಕಟವಾದದ್ದು 2017ರ ಅಕ್ಟೋಬರ್‌ನಲ್ಲಿ.

ಕೆಲಸ ಹಳೆಯ ಕ್ರಮದಲ್ಲೇ ನಡೆಯಿತು. ಬಟ್ಟೆ ಆರಿಸಿದರು, ಫೋಟೊ ತೆಗೆದರು, ಬರೆದರು. ಲಿನನ್ ಬಟ್ಟೆಯ ಮೇಲೆ ಆಯಿಲ್ ಪೇಂಟ್, ಎತ್ತರ ಸುಮಾರು 6 ಅಡಿ, ಅಗಲ 5 ಅಡಿ. ಹಿನ್ನೆಲೆ ತಿಳಿ ನೀಲಿ. ಮಿಶೆಲ್ ಕೂತಿದ್ದಾರೆ, ಒಂದು ಕೈ ಗಲ್ಲದ ಕೆಳಗೆ. ಮಿಲ್ಲಿ ಕಂಪನಿಯ ಉದ್ದನೆಯ ಬಿಳಿ ಗೌನ್ ಕೆಳಗೆ ಹರಡಿ ಚಿತ್ರದ ದೊಡ್ಡ ಭಾಗವನ್ನು ತುಂಬಿದೆ. ಅದರ ಮೇಲೆ ಕಪ್ಪು, ಕೆಂಪು, ಗುಲಾಬಿ, ಹಳದಿ ಆಕಾರಗಳು. ಈ ವಿನ್ಯಾಸದಲ್ಲಿ ಡಚ್ ಕಲಾವಿದ ಮಾಂಡ್ರಿಯನ್ ಕಾಣುತ್ತಾನೆ, ಜೊತೆಗೆ ಜೀಸ್ ಬೆಂಡ್‌ನ ಕೌದಿಗಳೂ ಕಾಣುತ್ತವೆ ಎಂದು ಶೆರಾಲ್ಡ್ ಹೇಳಿದರು. ಜೀಸ್ ಬೆಂಡ್ ಎಂದರೆ ಅಲಬಾಮಾದಲ್ಲಿ ನದಿಯ ತಿರುವಿನಲ್ಲಿರುವ ಹಳ್ಳಿ. ಗುಲಾಮರಾಗಿದ್ದವರ ಮನೆತನದ ಹೆಂಗಸರು ಅಲ್ಲಿ ಹರಿದ ಕೆಲಸದ ಬಟ್ಟೆಗಳನ್ನು ಸೇರಿಸಿ ಹೊಲಿದ ಕೌದಿಗಳು ಇವತ್ತು ದೊಡ್ಡ ದೊಡ್ಡ ಮ್ಯೂಸಿಯಂಗಳಲ್ಲಿವೆ. ಅಂದರೆ ಕಲಾವಿದೆ ಒಂದು ಫ್ಯಾಷನ್ ಗೌನ್ ಮೂಲಕ ಅಮೆರಿಕದ ಕಪ್ಪು ಹೆಂಗಸರ ಕೈಕೆಲಸವನ್ನು ಅಧಿಕೃತ ಗೋಡೆಗೆ ತಂದರು.

ಈಗ ಆ ದೂರಿಗೆ ಬರೋಣ. ಹೋಲಿಕೆ ಇಲ್ಲ ಎಂದವರೆಲ್ಲ ಕಲೆ ಗೊತ್ತಿಲ್ಲದವರು ಎಂದು ತಳ್ಳಿಹಾಕುವುದು ಸರಿಯಲ್ಲ. ಅವರು ಕಂಡದ್ದು ನಿಜ. ಶೆರಾಲ್ಡ್ ಅದುವರೆಗೆ ಬರೆದವರು ಸಾಮಾನ್ಯ ಜನ. ಆ ಚಿತ್ರಗಳನ್ನು ನೋಡುವವರ ತಲೆಯಲ್ಲಿ ಹೋಲಿಸಿ ನೋಡಲು ಬೇರೆ ಫೋಟೊ ಇರಲಿಲ್ಲ. ಮಿಶೆಲ್ ವಿಷಯದಲ್ಲಿ ಎಂಟು ವರ್ಷಗಳ ಲೆಕ್ಕವಿಲ್ಲದಷ್ಟು ಫೋಟೊಗಳು ಎಲ್ಲರ ತಲೆಯಲ್ಲೂ ಇದ್ದವು. ನಗು, ಕಂದು ಮೈಬಣ್ಣ, ಚುರುಕಿನ ಓಡಾಟ, ಇವುಗಳಿಂದಲೇ ನಾವು ಅವರನ್ನು ಗುರುತಿಸುತ್ತಿದ್ದೆವು. ಶೆರಾಲ್ಡ್ ಮೂರನ್ನೂ ತೆಗೆದರು. ಉಳಿದದ್ದು ಮುಖದ ಗೆರೆ ಮತ್ತು ಬೆಳಕು-ನೆರಳಿನ ಮಟ್ಟ ಮಾತ್ರ. ಬಣ್ಣದ ಸಹಾಯ ಇಲ್ಲದಾಗ ಬಾಯಿಯ ಹತ್ತಿರ ಕೂದಲೆಳೆಯಷ್ಟು ವ್ಯತ್ಯಾಸವಾದರೂ ಎದ್ದು ಕಾಣುತ್ತದೆ. ಜೊತೆಗೆ ಗೌನ್ ಅಷ್ಟು ಜಾಗ ತೆಗೆದುಕೊಂಡ ಮೇಲೆ ಮುಖ ಚಿತ್ರದ ತುದಿಯಲ್ಲಿ ಚಿಕ್ಕದಾಗಿ ಕೂತಿದೆ.

ಹಾಗಾದರೆ ಈ ಒಂದು ಸಲಕ್ಕೆ ಕಂದು ಬಣ್ಣ ಹಾಕಿ, ಸ್ವಲ್ಪ ನಗಿಸಬಹುದಿತ್ತಲ್ಲ? ಹಾಕಿದ್ದರೆ ದೂರು ಬರುತ್ತಿರಲಿಲ್ಲ. ಆದರೆ ಆಗ ಚಿತ್ರ ಹೇಳುವುದು ಬೇರೆಯೇ ಆಗಿಬಿಡುತ್ತಿತ್ತು. ಬಾಲ್ಟಿಮೋರ್‌ನ ಬೀದಿಯಲ್ಲಿ ಸಿಕ್ಕವರಿಗೆ ಒಂದು ರೀತಿ, ಅಧ್ಯಕ್ಷರ ಪತ್ನಿಗೆ ಇನ್ನೊಂದು ರೀತಿ ಎಂದಾಗುತ್ತಿತ್ತು. ಈಗಿನ ಚಿತ್ರದಲ್ಲಿ ಮಿಶೆಲ್ ಒಬಾಮಾ, ಟೀ ಕಪ್ಪು ಹಿಡಿದ ಆ ಹುಡುಗಿಯ ಸಾಲಿನಲ್ಲೇ ಕೂತಿದ್ದಾರೆ. ಅದೇ ಬೂದು, ಅದೇ ಖಾಲಿ ಹಿನ್ನೆಲೆ, ಅದೇ ನೇರ ನೋಟ. ಇದಕ್ಕಿಂತ ದೊಡ್ಡ ಗೌರವವನ್ನು ಇಬ್ಬರಿಗೂ ಕೊಡುವುದು ಹೇಗೆ ಎಂದು ನನಗೆ ತೋಚುವುದಿಲ್ಲ. ತಮ್ಮಂತೆಯೇ ಕಾಣುವ ಒಬ್ಬರನ್ನು ಹೆಣ್ಣುಮಕ್ಕಳು ಈ ಗೋಡೆಯ ಮೇಲೆ ನೋಡುತ್ತಾರೆ ಎಂದು ಮಿಶೆಲ್ ಅನಾವರಣದ ದಿನ ಹೇಳಿದ್ದರು. ಮುಂದಿನ ತಿಂಗಳು ಚಿತ್ರದ ಎದುರು ಬಾಯಿ ಬಿಟ್ಟು ನಿಂತ ಎರಡು ವರ್ಷದ ಹುಡುಗಿಯ ಫೋಟೊ ಎಲ್ಲೆಡೆ ಹರಿದಾಡಿತು. ಆ ಮಗು ಬೂದು ಬಣ್ಣದ ಬಗ್ಗೆ ತಕರಾರು ತೆಗೆಯಲಿಲ್ಲ.

ಜನಸಂದಣಿ ತಡೆಯಲಾಗದೆ ಗ್ಯಾಲರಿ ಚಿತ್ರವನ್ನು ಹೆಚ್ಚು ಜಾಗ ಇರುವ ಕಡೆಗೆ ಸಾಗಿಸಿತು. ಆ ವರ್ಷ ಗ್ಯಾಲರಿಗೆ ಬಂದವರ ಸಂಖ್ಯೆ 20 ಲಕ್ಷ ದಾಟಿತು, ಹಿಂದಿನ ವರ್ಷಕ್ಕಿಂತ ಹೆಚ್ಚುಕಡಿಮೆ ಎರಡರಷ್ಟು. 2021ರಿಂದ ಎರಡೂ ಚಿತ್ರಗಳು ಷಿಕಾಗೋ, ಬ್ರೂಕ್ಲಿನ್, ಲಾಸ್ ಏಂಜಲೀಸ್, ಅಟ್ಲಾಂಟಾ, ಹ್ಯೂಸ್ಟನ್ ಸುತ್ತಿ ಬಂದವು.

ಮಾರುಕಟ್ಟೆಯ ವಿಷಯ ಬೇಗ ಹೇಳಿ ಮುಗಿಸುತ್ತೇನೆ. 2020ರ ಡಿಸೆಂಬರ್‌ನಲ್ಲಿ ಅವರ 2015ರ 'ದ ಬೇದರ್ಸ್' ಹರಾಜಿನಲ್ಲಿ 42 ಲಕ್ಷ ಡಾಲರಿಗೂ ಜಾಸ್ತಿಗೆ ಹೋಯಿತು. ಅಂದಾಜು ಇದ್ದದ್ದು 2 ಲಕ್ಷದೊಳಗೆ. ಅಮೆರಿಕದಲ್ಲಿ ಚಿತ್ರ ಮರುಮಾರಾಟವಾದಾಗ ಕಲಾವಿದರಿಗೆ ಪಾಲು ಕೊಡಬೇಕೆಂಬ ಕಾನೂನು ಇಲ್ಲ. ಲಾಭ ಹೋಗುವುದು ಮಾರಿದವರಿಗೆ.

ಎದುರು ಕೂರಲಾಗದವರ ಚಿತ್ರ

2020ರ ಮಾರ್ಚ್ 13ರಂದು ಲೂಯಿವಿಲ್ ನಗರದಲ್ಲಿ ಪೊಲೀಸರು ಬ್ರಿಯೋನಾ ಟೇಲರ್ ಎಂಬ 26 ವರ್ಷದ ಯುವತಿಯನ್ನು ಅವರ ಮನೆಯಲ್ಲೇ ಗುಂಡಿಟ್ಟು ಕೊಂದರು. ಅವರು ತುರ್ತು ವೈದ್ಯಕೀಯ ಸೇವೆಯ ತರಬೇತಿ ಪಡೆದವರು. ಆ ವರ್ಷದ ಸೆಪ್ಟೆಂಬರ್ ಸಂಚಿಕೆಯ ಮುಖಪುಟಕ್ಕೆ ಅವರ ಚಿತ್ರ ಬರೆಯುವಂತೆ ವ್ಯಾನಿಟಿ ಫೇರ್ ಪತ್ರಿಕೆ ಶೆರಾಲ್ಡ್ ಅವರನ್ನು ಕೇಳಿತು.

ಇಲ್ಲಿ ಕಷ್ಟ ಬೇರೆ ಥರದ್ದು. ಎದುರು ಕೂರಬೇಕಾದವರೇ ಇಲ್ಲ. ಶೆರಾಲ್ಡ್ ಫೋಟೊಗಳನ್ನು ನೋಡಿದರು, ಮೈಕಟ್ಟು ಹೋಲುವ ಇನ್ನೊಬ್ಬರನ್ನು ಮಾಡೆಲ್ ಆಗಿ ನಿಲ್ಲಿಸಿದರು. ಬಟ್ಟೆ ಅಟ್ಲಾಂಟಾದ ಕಪ್ಪು ವಿನ್ಯಾಸಕಿಯೊಬ್ಬರದು, ಹಿನ್ನೆಲೆಯೊಂದಿಗೆ ಬೆರೆಯುವ ಹಸಿರು ಮಿಶ್ರಿತ ನೀಲಿ. ಬೆರಳಿಗೆ ಉಂಗುರ ತೊಡಿಸಿದರು. ಟೇಲರ್ ಅವರ ಗೆಳೆಯ ಮದುವೆಗೆ ಕೇಳುವ ಯೋಚನೆಯಲ್ಲಿದ್ದರು. ಆ ಉಂಗುರವನ್ನು ಟೇಲರ್ ಅವರಿಗೆ ಕೊನೆಗೂ ತೊಡಲಾಗಲಿಲ್ಲ. ಫೋಟೊ ಕೊಡಲಾಗದ್ದನ್ನು ಭಾವಚಿತ್ರ ಕೊಡುವುದು ಇಂಥ ಕಡೆ. ನಡೆಯದೇ ಹೋದ ಸಂಗತಿಯನ್ನು ಕೈಬೆರಳಲ್ಲಿ ಇಟ್ಟು ತೋರಿಸಲು ಕ್ಯಾಮೆರಾಕ್ಕೆ ಆಗುವುದಿಲ್ಲ.

ಈ ಸಲ ಹೋಲಿಕೆ ಬಗ್ಗೆ ಅಂಥ ಗಲಾಟೆ ಆಗಲಿಲ್ಲ. ಮೈ ಬೂದಾಗಿಯೇ ಇತ್ತು. ಎರಡು ವರ್ಷದಲ್ಲಿ ಜನ ಅವರ ಕ್ರಮಕ್ಕೆ ಒಗ್ಗಿಕೊಂಡಿದ್ದರು ಎನ್ನುವುದು ಒಂದು ಕಾರಣ. ಈ ಚಿತ್ರದಿಂದ ಜನ ಬಯಸಿದ್ದು ಹೋಲಿಕೆಗಿಂತ ಹೆಚ್ಚಿನದು ಎನ್ನುವುದು ಇನ್ನೊಂದು.

2021ರಲ್ಲಿ ಲೂಯಿವಿಲ್‌ನ ಸ್ಪೀಡ್ ಆರ್ಟ್ ಮ್ಯೂಸಿಯಂ ಮತ್ತು ವಾಷಿಂಗ್ಟನ್‌ನಲ್ಲಿರುವ ಆಫ್ರಿಕನ್ ಅಮೆರಿಕನ್ ಇತಿಹಾಸ ಮತ್ತು ಸಂಸ್ಕೃತಿಯ ರಾಷ್ಟ್ರೀಯ ಮ್ಯೂಸಿಯಂ ಸೇರಿ ಈ ಚಿತ್ರವನ್ನು ಕೊಂಡವು. ಫೋರ್ಡ್ ಮತ್ತು ಹಾರ್ತ್‌ಲ್ಯಾಂಡ್ ಪ್ರತಿಷ್ಠಾನಗಳು 10 ಲಕ್ಷ ಡಾಲರ್ ಕೊಟ್ಟವು. ಬಂದ ಹಣವನ್ನು ಶೆರಾಲ್ಡ್ ಲೂಯಿವಿಲ್ ವಿಶ್ವವಿದ್ಯಾಲಯದಲ್ಲಿ ಟೇಲರ್ ಹೆಸರಿನ ವಿದ್ಯಾರ್ಥಿ ನೆರವಿಗೆ ಮುಡಿಪಾಗಿಟ್ಟರು.

2025

2024ರ ನವೆಂಬರ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಅವರ ದೊಡ್ಡ ಪ್ರದರ್ಶನ 'ಅಮೆರಿಕನ್ ಸಬ್‌ಲೈಮ್' ಶುರುವಾಯಿತು. ಮುಂದಿನ ಏಪ್ರಿಲ್‌ನಲ್ಲಿ ನ್ಯೂಯಾರ್ಕ್‌ನ ವಿಟ್ನಿ ಮ್ಯೂಸಿಯಂಗೆ ಬಂತು. ಅಲ್ಲಿಂದ ಸೆಪ್ಟೆಂಬರ್‌ನಲ್ಲಿ ನ್ಯಾಷನಲ್ ಪೋರ್ಟ್ರೇಟ್ ಗ್ಯಾಲರಿಗೆ ಹೋಗಬೇಕಿತ್ತು. ಬಹುಮಾನ ಕೊಟ್ಟ ಗ್ಯಾಲರಿ, ಮಿಶೆಲ್ ಚಿತ್ರ ಇಟ್ಟುಕೊಂಡ ಗ್ಯಾಲರಿ ಅದೇ.

ಪ್ರದರ್ಶನದಲ್ಲಿ 'ಟ್ರಾನ್ಸ್ ಫಾರ್ಮಿಂಗ್ ಲಿಬರ್ಟಿ' ಎಂಬ 2024ರ ಚಿತ್ರವೊಂದಿದೆ. ಸ್ವಾತಂತ್ರ್ಯ ದೇವಿಯ ಪ್ರತಿಮೆಯ ಭಂಗಿಯಲ್ಲಿ ಒಬ್ಬ ಕಪ್ಪು ಟ್ರಾನ್ಸ್‌ಜೆಂಡರ್ ಮಹಿಳೆ. ಗುಲಾಬಿ ಬಣ್ಣದ ಕೂದಲು, ನೀಲಿ ಗೌನ್, ಪಂಜಿನ ಜಾಗದಲ್ಲಿ ಹೂವು. ಗ್ಯಾಲರಿಯ ಒಳಗೆ ಈ ಚಿತ್ರದ ಬಗ್ಗೆ ಆತಂಕ ಇದೆ, ಅದನ್ನು ತೆಗೆಯುವ ಮಾತೂ ನಡೆದಿದೆ ಎಂದು ತಮಗೆ ತಿಳಿದುಬಂತು ಎಂದರು ಶೆರಾಲ್ಡ್. ಚಿತ್ರಕ್ಕೆ ಜನರ ಪ್ರತಿಕ್ರಿಯೆ ತೋರಿಸುವ ವಿಡಿಯೊ ಇಡುವ ಸಲಹೆಯೂ ಬಂತು. ಹಾಗೆ ಮಾಡಿದರೆ ಒಬ್ಬ ವ್ಯಕ್ತಿ ಇರಬೇಕೋ ಬೇಡವೋ ಎಂಬುದೇ ಚರ್ಚೆಯ ವಸ್ತುವಾಗುತ್ತದೆ ಎಂದು ಅವರು ಒಪ್ಪಲಿಲ್ಲ. ಚಿತ್ರವನ್ನು ತೆಗೆಯುವ ಉದ್ದೇಶ ಇರಲಿಲ್ಲ, ಹಿನ್ನೆಲೆ ವಿವರಿಸಲು ಬಯಸಿದ್ದೆವು ಎಂದು ಗ್ಯಾಲರಿಯನ್ನು ನಡೆಸುವ ಸ್ಮಿತ್‌ಸೋನಿಯನ್ ಸಂಸ್ಥೆ ಹೇಳಿತು. ಜುಲೈನಲ್ಲಿ ಶೆರಾಲ್ಡ್ ಇಡೀ ಪ್ರದರ್ಶನವನ್ನೇ ಅಲ್ಲಿಂದ ವಾಪಸ್ ಪಡೆದರು.

ಕಳೆದುಕೊಂಡದ್ದು ಸಣ್ಣದಲ್ಲ. ಆ ಗ್ಯಾಲರಿಯಲ್ಲಿ ಏಕವ್ಯಕ್ತಿ ಪ್ರದರ್ಶನ ಪಡೆಯುವ ಮೊದಲ ಕಪ್ಪು ಸಮಕಾಲೀನ ಕಲಾವಿದೆ ಅವರಾಗುತ್ತಿದ್ದರು. ಆದರೂ ಈ ನಡೆ 2018ರ ನಿರ್ಧಾರದಿಂದಲೇ ಹುಟ್ಟಿದ್ದು ಎಂದು ನನಗೆ ಕಾಣುತ್ತದೆ. ಅಂದು ಮಿಶೆಲ್ ಅವರಿಗಾಗಿ ಬೇರೆ ಕ್ರಮ ಮಾಡದವರು, ಇಂದು ಈ ಮಹಿಳೆಗೆ ಮಾತ್ರ ಒಂದು ವಿವರಣೆಯ ವಿಡಿಯೊ ಅಂಟಿಸಲು ಹೇಗೆ ಒಪ್ಪುತ್ತಾರೆ? ಉಳಿದ ಯಾವ ಚಿತ್ರದ ಪಕ್ಕದಲ್ಲೂ, ಇವರು ಇಲ್ಲಿರುವುದು ಸರಿಯೇ ಎಂದು ಯಾರೂ ಜನರನ್ನು ಕೇಳುತ್ತಿರಲಿಲ್ಲ.

ಪ್ರದರ್ಶನ 2025ರ ನವೆಂಬರ್ 2ರಂದು ಬಾಲ್ಟಿಮೋರ್ ಮ್ಯೂಸಿಯಂ ಆಫ್ ಆರ್ಟ್‌ನಲ್ಲಿ ತೆರೆಯಿತು. ವಾಷಿಂಗ್ಟನ್‌ನಿಂದ ರೈಲಿನಲ್ಲಿ ಹೋದರೆ ಒಂದು ಗಂಟೆಯೊಳಗಿನ ದಾರಿ. 'ಟ್ರಾನ್ಸ್ ಫಾರ್ಮಿಂಗ್ ಲಿಬರ್ಟಿ' ಕೂಡ ಅಲ್ಲಿಗೆ ಬಂತು.